ಜೈಲಿನಿಂದ ಸಿವಿಲ್ ದಾವೆ: ಕೋರ್ಟ್ ಫೀ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲಿನ ಲೀಗಲ್ ಏಯ್ಡ್ ಕ್ಲಿನಿಕ್ಕಿನಲ್ಲಿ ಕೂತಾಗ ಮೊದಲು ಬರುವುದು ಜಾಮೀನಿನ ಮಾತು. ಅದು ಮುಗಿದು, ನಾನು ಫೈಲು ಕಟ್ಟಿ ಏಳುವ ಹೊತ್ತಿಗೆ, ದನಿ ತಗ್ಗಿಸಿ ಇನ್ನೊಂದು ವಿಷಯ ಬರುತ್ತದೆ. ಊರಲ್ಲಿ ಪಾಲಿನ ಜಮೀನನ್ನು ಅಣ್ಣ ಒಬ್ಬನೇ ಉಳುತ್ತಿದ್ದಾನೆ, ಕೈಸಾಲ ಪಡೆದವನು ಫೋನೇ ಎತ್ತುತ್ತಿಲ್ಲ, ಮನೆ ಬಾಡಿಗೆಯ ಅಡ್ವಾನ್ಸ್ ವಾಪಸ್ ಬರಲಿಲ್ಲ. ಕೇಸ್ ಹಾಕೋಣವೆಂದರೆ ಫೀ ಎಲ್ಲಿಂದ ತರುವುದು? ಅಲ್ಲಿ ಕೇಳಿದ್ದು, ಮನೆಯವರು ಪತ್ರದಲ್ಲಿ ಬರೆದದ್ದು, ಕಚೇರಿಗೆ ಬಂದು ಕೇಳಿದ್ದು ಎಲ್ಲ ಸೇರಿಸಿ, ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇದು ಕರ್ನಾಟಕದ ಸಿವಿಲ್ ಕೋರ್ಟುಗಳಿಗೆ ಹೊಂದುವ ಮಾಹಿತಿ. ನಿಮ್ಮ ಕೇಸಿನ ಕಾಗದ ನೋಡದೆ ಯಾರು ಹೇಳಿದ್ದೂ, ನಾನು ಹೇಳಿದ್ದೂ, ಪೂರ್ತಿ ಸಲಹೆಯಲ್ಲ.

## ಮೊದಲು ತಿಳಿಯಬೇಕಾದ್ದು

"ನಾ ಜೈಲಿನ್ಯಾಗ ಅದೀನ್ರಿ. ಸಿವಿಲ್ ಕೇಸ್ ಹಾಕಾಕ ನನಗ ಹಕ್ಕರ ಐತೇನ್ರಿ?"

ಐತಿ. ವಿಚಾರಣಾಧೀನ ಕೈದಿ ಇರಲಿ, ಶಿಕ್ಷೆಯಾದವರು ಇರಲಿ, ಆಸ್ತಿ ಹೊಂದುವ, ಮಾರುವ, ಅದಕ್ಕಾಗಿ ದಾವೆ ಹೂಡುವ ಹಕ್ಕು ಹೋಗುವುದಿಲ್ಲ. ಶಿಕ್ಷೆಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಕಳಚಿ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಭುವನ್ ಮೋಹನ್ ಪಟ್ನಾಯಕ್ ಪ್ರಕರಣದಲ್ಲಿ ಹೇಳಿದೆ. ಆಸ್ತಿಯ ಹಕ್ಕನ್ನು ಅಲ್ಲಿ ಉದಾಹರಣೆಯಾಗಿಯೇ ಎತ್ತಿಕೊಂಡಿದೆ.

ಇದಕ್ಕಿಂತ ಗಟ್ಟಿ ಉದಾಹರಣೆ ಪಕ್ಕದ ಆಂಧ್ರದ್ದು. 1977ರ ಮೇ ತಿಂಗಳ ಒಂದು ರಾತ್ರಿ ಕೋಯಿಲಕುಂಟ್ಲ ಸಬ್‌ಜೈಲಿಗೆ ನುಗ್ಗಿದವರು ಒಂದು ಕೋಣೆಗೆ ಬಾಂಬ್ ಎಸೆದರು. ಒಳಗಿದ್ದ ತಂದೆ ಸತ್ತರು, ಮಗ ಗಾಯಗೊಂಡು ಉಳಿದರು. ಸರ್ಕಾರದ ಮೇಲೆ ಪರಿಹಾರದ ಸಿವಿಲ್ ದಾವೆ ಹೂಡಿದವರಲ್ಲಿ ಆ ಮಗನೂ ಒಬ್ಬರು. ಕೆಳಗಿನ ಕೋರ್ಟ್ ವಜಾ ಮಾಡಿತು, ಹೈಕೋರ್ಟ್ ಪರಿಹಾರ ಕೊಟ್ಟಿತು, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಚಲ್ಲಾ ರಾಮಕೃಷ್ಣ ರೆಡ್ಡಿ ಪ್ರಕರಣವೆಂದರೆ ಇದೇ.

"ಕೈದಿಗಳಿಗೆ ಕೋರ್ಟ್ ಫೀ ಪೂರ್ತಿ ಮಾಫಿ ಅಂತ ಬ್ಯಾರಕ್ಕಿನಲ್ಲಿ ಎಲ್ಲರೂ ಹೇಳ್ತಾರೆ. ನಿಜಾನಾ ಸಾರ್?"

ಅರ್ಧ ನಿಜ. ಆ ಅರ್ಧವೇ ಜನರನ್ನು ಕೆಡಿಸುವುದು. ಈ ಮಾತಿನ ಬೇರು ಹಳೆಯದು: 1870ರ ಕೋರ್ಟ್ ಫೀ ಕಾಯ್ದೆಯ 19ನೇ ಕಲಮಿನಲ್ಲಿ ಬಂಧನದಲ್ಲಿರುವವರ "ಅರ್ಜಿ"ಗೆ ಶುಲ್ಕ ಬೇಡ ಎಂದಿತ್ತು. ಅರ್ಜಿ ಬೇರೆ, ವಾದಪತ್ರ ಬೇರೆ. ಜೈಲು ಬದಲಾಯಿಸಿ ಎಂದು ಕೋರ್ಟಿಗೆ ಬರೆದುಕೊಂಡರೆ ಅದು ಅರ್ಜಿ. ಅಣ್ಣನ ಮೇಲೆ ಐದು ಲಕ್ಷಕ್ಕೆ ದಾವೆ ಹೂಡಿದರೆ ಅದು ವಾದಪತ್ರ. ಹೊರಗಿನವರು ವಾದಪತ್ರಕ್ಕೆ ಕಟ್ಟುವ ಫೀಯೇ ಒಳಗಿನವರಿಗೂ ಅನ್ವಯಿಸುತ್ತದೆ.

ಆದರೆ ಕೈಯಲ್ಲಿ ದುಡ್ಡಿಲ್ಲದಿದ್ದರೆ ಎರಡು ಬಾಗಿಲಿವೆ. ಒಂದು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ: ನಿಮ್ಮ ಪರವಾಗಿ ಖರ್ಚು ನೋಡಿಕೊಳ್ಳುವ ಏರ್ಪಾಡು. ಇನ್ನೊಂದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 33: ಈಗ ಫೀ ಕಟ್ಟದೆ ದಾವೆ ನಡೆಸಿ, ಲೆಕ್ಕ ಕೊನೆಯಲ್ಲಿ ನೋಡೋಣ ಎನ್ನುವ ಏರ್ಪಾಡು. ಈ ಎರಡನೆಯದನ್ನು ಎಲ್ಲರೂ ಮಾಫಿ ಎನ್ನುತ್ತಾರೆ. ಅದು ಮಾಫಿಯಲ್ಲ, ಬಾಕಿ.

"ಫೀ ಎಷ್ಟಾಗುತ್ತೆ ಅಂತ ಮೊದ್ಲು ಹೇಳಿ, ಆಮೇಲೆ ಮಾಫಿ ಮಾತು"

ಇದನ್ನು ಕೇಳುವವರು ಕಡಿಮೆ, ಎಲ್ಲರೂ ಮೊದಲು ಕೇಳಬೇಕಾದದ್ದು ಇದನ್ನೇ. ಕರ್ನಾಟಕದಲ್ಲಿ ಲೆಕ್ಕ ನಡೆಯುವುದು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯ ನಿರ್ಧಾರ ಕಾಯ್ದೆಯಂತೆ. ಹಣ ವಸೂಲಿ ಅಥವಾ ನಷ್ಟ ಪರಿಹಾರದ ದಾವೆಯಾದರೆ ಕೇಳಿದ ಮೊತ್ತದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ 15,000 ರೂಪಾಯಿಗೆ ಶೇಕಡಾ 2.5, ಅಲ್ಲಿಂದ 75,000ದವರೆಗೆ ಶೇಕಡಾ 7.5, ಮುಂದೆ ನಿಧಾನವಾಗಿ ಇಳಿಯುತ್ತದೆ. ಆ ಕೋಷ್ಟಕದಂತೆ ಐದು ಲಕ್ಷದ ದಾವೆಗೆ 33,375 ರೂಪಾಯಿ. ಜೈಲಿನಲ್ಲಿ ಕೂತವರಿಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಒಳಗಿನವರು ಹೆಚ್ಚಾಗಿ ಕೇಳುವುದು ಪಾಲಿನ ದಾವೆ. ಕುಟುಂಬದ ಆಸ್ತಿ ಇನ್ನೂ ಜಂಟಿ ಸ್ವಾಧೀನದಲ್ಲಿದೆ, ನನ್ನ ಪಾಲು ಬೇರೆ ಮಾಡಿಕೊಡಿ ಎನ್ನುವ ದಾವೆಗೆ 35(2)ನೇ ಕಲಮಿನಲ್ಲಿ ನಿಗದಿತ ಫೀ, ಸಾಮಾನ್ಯವಾಗಿ 200 ರೂಪಾಯಿ. ನೀವು ಜೈಲಿನಲ್ಲಿದ್ದೀರಿ ಎಂಬ ಒಂದೇ ಕಾರಣಕ್ಕೆ ಜಂಟಿ ಸ್ವಾಧೀನ ತಪ್ಪುವುದಿಲ್ಲ. ಅಣ್ಣ ಉಳುತ್ತಿದ್ದರೂ ಒಟ್ಟು ಕುಟುಂಬದ ಪರವಾಗಿಯೇ ಉಳುತ್ತಿದ್ದಾನೆಂದು ಕಾನೂನು ಭಾವಿಸುತ್ತದೆ. ಇವನಿಗೆ ಏನೂ ಇಲ್ಲವೆಂದು ನಿಮ್ಮನ್ನು ಹೊರಗೆ ಹಾಕಿದ್ದರೆ ಮಾತ್ರ ಪಾಲಿನ ಬೆಲೆಯ ಮೇಲೆ ಫೀ ಬರುತ್ತದೆ. 200 ರೂಪಾಯಿಯ ದಾವೆಗೆ ವರ್ಷಗಟ್ಟಲೆ ಬಡತನ ಸಾಬೀತು ಮಾಡುತ್ತ ಕೂತವರನ್ನು ನೋಡಿದ್ದೇನೆ. ಮೊದಲು ಲೆಕ್ಕ ಹಾಕಿಸಿ.

ಬ್ಯಾಂಕು, ವಿಮೆ, ಕೊಂಡ ಸಾಮಾನಿನ ತಕರಾರಾದರೆ ಸಿವಿಲ್ ಕೋರ್ಟಿಗೇ ಹೋಗಬೇಕಿಲ್ಲ. ಗ್ರಾಹಕ ಆಯೋಗದಲ್ಲಿ, ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಫೀಯೇ ಇಲ್ಲ.

"ಹೆಂಡ್ತಿ ಡೈವೋರ್ಸ್ ಕೇಸ್ ಹಾಕಿದಾಳೆ, ನೋಟಿಸ್ ಜೈಲಿಗೇ ಬಂತು. ಉತ್ತರ ಕೊಡೋಕೂ ದುಡ್ಡು ಕಟ್ಬೇಕಾ?"

ಬೇಡ. ಪ್ರತಿವಾದಿಯ ಲಿಖಿತ ಹೇಳಿಕೆಗೆ ದಾವೆಯ ಫೀ ಇಲ್ಲ. ನೀವೇ ಎದುರು ಬೇಡಿಕೆ ಇಟ್ಟರೆ ಮಾತ್ರ ಅದಕ್ಕೆ ಫೀ ಬರುತ್ತದೆ, ಆಗ ನೀವೂ ಆದೇಶ 33ರ ಮೊರೆ ಹೋಗಬಹುದು. ಜೈಲಿನ ಅಧಿಕಾರಿಯ ಮೂಲಕ ಸಮನ್ಸ್ ಕೊಟ್ಟರೆ ಅದು ಸರಿಯಾದ ಜಾರಿಯೇ. "ನಾನು ಒಳಗಿದ್ದೆ, ಗೊತ್ತಾಗಲಿಲ್ಲ" ಎಂದು ಆಮೇಲೆ ಹೇಳಿದರೆ ನಿಲ್ಲುವುದಿಲ್ಲ. ಕಾಗದಕ್ಕೆ ಸಹಿ ಹಾಕಿದ ದಿನವೇ ಕ್ಲಿನಿಕ್ಕಿನವರಿಗೆ ತೋರಿಸಿ.

## ಕಾನೂನು ಸೇವಾ ಪ್ರಾಧಿಕಾರದ ಬಾಗಿಲು

"ನಮ್ಮದು ಎರಡಂತಸ್ತಿನ ಮನೆ, ತಮ್ಮ ಸರ್ಕಾರಿ ನೌಕರ. ನನಗೂ ಫ್ರೀ ವಕೀಲರು ಸಿಗ್ತಾರಾ?"

ಸಿಗುತ್ತಾರೆ. 1987ರ ಕಾಯ್ದೆಯ 12ನೇ ಕಲಂ ಉಚಿತ ನೆರವಿಗೆ ಅರ್ಹರಾದವರ ಪಟ್ಟಿ ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಹೀಗೆ. ಅದರಲ್ಲಿ "ಜಿ" ಖಂಡ ಬಂಧನದಲ್ಲಿರುವವರದ್ದು. ವರಮಾನದ ಮಿತಿ ಬರುವುದು ಕೊನೆಯ "ಎಚ್" ಖಂಡದಲ್ಲಿ, ಬೇರೆ ಯಾವ ಗುಂಪಿಗೂ ಸೇರದವರಿಗೆ. ಆದ್ದರಿಂದ ಬಂಧನದಲ್ಲಿರುವವರ ಹತ್ತಿರ ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ಕೇಳಿದರೆ, 12(ಜಿ) ಎಂದು ಹೇಳಿ.

ಈ ಕಲಂ "ಪ್ರಕರಣ ಹೂಡುವ ಅಥವಾ ಎದುರಿಸುವ" ಪ್ರತಿಯೊಬ್ಬರ ಬಗ್ಗೆ ಮಾತಾಡುತ್ತದೆ. ಕ್ರಿಮಿನಲ್ ಮಾತ್ರ ಎಂದು ಅಲ್ಲೆಲ್ಲೂ ಇಲ್ಲ. 13ನೇ ಕಲಮಿನಂತೆ ನೋಡುವುದು ಒಂದೇ: ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯೇ? ಸೇಡಿಗೆ ಹಾಕುವ ದಾವೆಯೆಂದು ಕಂಡರೆ ನಿರಾಕರಿಸಬಹುದು. ಹಾಗೆ ನಿರಾಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕಬಹುದು. ಜಿಲ್ಲೆಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು.

"ಅರ್ಜಿ ಯಾರ ಕೈಗೆ ಕೊಡೋದು? ಜೈಲಿಗೆ ಬರೋ ಸರ್ಕಾರಿ ವಕೀಲರು 'ಸಿವಿಲ್ ನಮ್ಮದಲ್ಲ' ಅಂತಾರೆ"

ಅವರು ಹೇಳುವುದು ತಪ್ಪಲ್ಲ. ಈಗ ಜಿಲ್ಲೆಗಳಲ್ಲಿರುವ ಕಾನೂನು ನೆರವು ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ ಕ್ರಿಮಿನಲ್ ಕೇಸುಗಳಿಗಷ್ಟೇ. ಅಂದಹಾಗೆ ಅವರು ಸರ್ಕಾರಿ ವಕೀಲರಲ್ಲ, ನಿಮ್ಮ ಪರ ನಿಲ್ಲುವವರು. ಸಿವಿಲ್ ಕೇಸು ಹೋಗುವುದು ಪ್ಯಾನಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ. ಹಾಗಾಗಿ "ನನಗೆ ವಕೀಲರು ಬೇಕು" ಎಂದಷ್ಟೇ ಬರೆದರೆ ಅರ್ಜಿ ಜಾಮೀನಿನ ಕಟ್ಟಿಗೆ ಸೇರಿಹೋಗುತ್ತದೆ. ಮೇಲುಗಡೆಯೇ "ಸಿವಿಲ್ ದಾವೆ ಹೂಡಲು" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಆಸ್ತಿ ಇರುವ ತಾಲೂಕು, ಎದುರುಗಾರರ ಹೆಸರು ಮತ್ತು ಊರು, ಏನು ಯಾವಾಗ ಆಯಿತು, ಇಷ್ಟು ಸಾಕು.

ಅರ್ಜಿಯನ್ನು ಕ್ಲಿನಿಕ್ಕಿನ ಪ್ಯಾರಾ ಲೀಗಲ್ ಸ್ವಯಂಸೇವಕರಿಗೆ ಕೊಡಬಹುದು, ಜೈಲು ಸೂಪರಿಂಟೆಂಡೆಂಟರ ಮೂಲಕ ಜಿಲ್ಲಾ ಪ್ರಾಧಿಕಾರಕ್ಕೆ ಕಳಿಸಬಹುದು, ಮನೆಯವರು ನೇರವಾಗಿ ತಾಲೂಕು ಕಾನೂನು ಸೇವಾ ಸಮಿತಿಗೆ ಕೊಡಬಹುದು. ಮನೆಯವರಿಗೆ ಏನೂ ತೋಚದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಲಿ.

ಇಲ್ಲೊಂದು ಕಿವಿಮಾತು. ಕಾನೂನು ಸೇವೆ ಎಂದರೆ ವಕೀಲರೊಬ್ಬರೇ ಅಲ್ಲ. ಕೋರ್ಟ್ ಫೀ, ಸಮನ್ಸ್ ಮತ್ತು ನೋಟಿಸ್ ಕಳಿಸುವ ಪ್ರೊಸೆಸ್ ಫೀ, ಟೈಪಿಂಗ್, ದಾಖಲೆಗಳ ನಕಲು, ಅನುವಾದದ ಖರ್ಚೂ ಅದರಲ್ಲಿ ಸೇರುತ್ತದೆಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2010ರ ನಿಯಮಾವಳಿ ಹೇಳುತ್ತದೆ. ಕೇಳದಿದ್ದರೆ ಮಂಜೂರಾತಿ ಆದೇಶದಲ್ಲಿ ವಕೀಲರ ಹೆಸರು ಮಾತ್ರ ಬರುತ್ತದೆ. "ಕೋರ್ಟ್ ಫೀ ಸಹಿತ" ಎಂದು ಅರ್ಜಿಯಲ್ಲೇ ಕೇಳಿ. ಫೀ ದೊಡ್ಡದಿದ್ದಾಗ ಪ್ಯಾನಲ್ ವಕೀಲರು ಆದೇಶ 33ರ ಅರ್ಜಿಯನ್ನೂ ಜೊತೆಗೆ ಹಾಕುವುದುಂಟು. ಒಂದು ಬಾಗಿಲು ಬಳಸಿದರೆ ಇನ್ನೊಂದು ಮುಚ್ಚುವುದಿಲ್ಲ.

## ಆದೇಶ 33: ಫೀ ಬಾಕಿ ಇಟ್ಟು ದಾವೆ

"ಪಾಪರ್ ಕೇಸ್ ಅಂತಾರಲ್ಲ, ನಾನೇನು ಭಿಕ್ಷುಕನಾ?"

ಆ ಪದ ಕಾನೂನಿನಿಂದ ಹೋಗಿ ಬಹಳ ಕಾಲವಾಯಿತು. 1976ರ ತಿದ್ದುಪಡಿಯಲ್ಲಿ "ಪಾಪರ್" ತೆಗೆದು "ಇಂಡಿಜೆಂಟ್" ಎಂದು ಹಾಕಿದರು. ಕೋರ್ಟ್ ಆವರಣದ ಬಾಯಲ್ಲಿ ಮಾತ್ರ ಹಳೆಯದೇ ಉಳಿದಿದೆ. ಅರ್ಥ ಇಷ್ಟೇ: ಈ ದಾವೆಗೆ ಕಾನೂನು ಕೇಳುವ ಫೀ ಕಟ್ಟಲು ಸಾಕಾಗುವಷ್ಟು ಅನುಕೂಲ ನಿಮ್ಮಲ್ಲಿ ಇಲ್ಲ. ಊಟಕ್ಕೆ ಗತಿಯಿಲ್ಲದವರಾಗಿರಬೇಕಿಲ್ಲ. 200 ರೂಪಾಯಿ ಕಟ್ಟಬಲ್ಲವರೂ 33,375ರ ಎದುರು ಇಂಡಿಜೆಂಟ್ ಆಗಬಹುದು.

"ಪಹಣಿಯಲ್ಲಿ ನನ್ನ ಹೆಸರಿದೆ, ಜಮೀನು ಅಣ್ಣನ ಕೈಲಿದೆ. ನಾನು ಬಡವ ಅಂದ್ರೆ ಜಡ್ಜ್ ನಂಬ್ತಾರಾ?"

ದಾವೆ ಆ ಜಮೀನಿಗಾಗಿಯೇ ಆಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಯಮ 1ರ ವಿವರಣೆ ಎರಡು ಬಗೆಯ ಆಸ್ತಿಯನ್ನು ಪಕ್ಕಕ್ಕಿಡುತ್ತದೆ: ದಾವೆಯ ವಿಷಯವೇ ಆದ ಆಸ್ತಿ, ಮತ್ತು ಡಿಕ್ರಿ (ಸಿವಿಲ್ ತೀರ್ಪಿನ ಆದೇಶ) ಜಾರಿಯಲ್ಲಿ ಜಪ್ತಿ ಮಾಡಲಾಗದ ವಸ್ತುಗಳು. ಎರಡನೆಯದರ ಪಟ್ಟಿ ಸಂಹಿತೆಯ 60ನೇ ಕಲಮಿನಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ರೈತನ ನೇಗಿಲು ಮತ್ತು ಉಳುವ ಎತ್ತು, ಸಂಪ್ರದಾಯದಂತೆ ಹೆಣ್ಣುಮಕ್ಕಳು ಬಿಚ್ಚಿಡಲಾಗದ ಆಭರಣ. ತಾಳಿ ಮಾರಿ ಫೀ ಕಟ್ಟು ಎಂದು ಕೋರ್ಟ್ ಹೇಳುವುದಿಲ್ಲ.

ಆದರೆ ಬೇರೆ ಊರಲ್ಲಿ, ತಕರಾರೇ ಇಲ್ಲದ ಸೈಟು ನಿಮ್ಮ ಹೆಸರಲ್ಲಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

"ಜೈಲು ಕೂಲಿ ಸೇರಿ ನನ್ನ ಖಾತೆಯಲ್ಲಿ ಹನ್ನೊಂದು ಸಾವಿರ ಇದೆ. ಹೆಂಡತಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಅರ್ಜಿ ಹಾಕಿದ್ರೆ ಬಿದ್ದುಹೋಗುತ್ತಾ?"

ಹಾಗೇನೂ ಇಲ್ಲ, ಆದರೆ ಎರಡನ್ನೂ ಹೇಳಲೇಬೇಕು. "ಸಾಕಷ್ಟು ಅನುಕೂಲ" ಎಂದರೆ ಮಾಮೂಲಿಯಾದ, ಕಾನೂನುಬದ್ಧ ದಾರಿಯಲ್ಲಿ ಹಣ ಹೊಂದಿಸುವ ಶಕ್ತಿ ಎಂದು 2011ರಲ್ಲಿ ಮಥಾಯಿ ಪೈಕೆಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಉದ್ಯೋಗ, ವರಮಾನ, ಅಡವಿಲ್ಲದ ಆಸ್ತಿ, ಸಾಲ, ಮನೆಯವರಿಂದ ಸಿಗುವ ನೆರವು ಎಲ್ಲವನ್ನೂ ಕೋರ್ಟ್ ತೂಗಿ ನೋಡಬಹುದು. ಹನ್ನೊಂದು ಸಾವಿರ ಇಟ್ಟುಕೊಂಡು ಮೂವತ್ತಮೂರು ಸಾವಿರ ಕಟ್ಟಲಾಗುವುದಿಲ್ಲ ಎಂಬುದು ಬರಿ ಲೆಕ್ಕ. ಗಾರ್ಮೆಂಟ್ಸ್ ಸಂಬಳದಲ್ಲಿ ಬಾಡಿಗೆ, ಮಕ್ಕಳ ಸ್ಕೂಲು ಕಳೆದು ಏನು ಉಳಿಯುತ್ತದೆಂದು ಬರೆಯಿರಿ. ಬರೀ "ಉಳಿಯಲ್ಲ" ಎಂದರೆ ಸಾಲದು, ಅಂಕಿ ಕೊಡಿ.

ಕಾಗದದ ಮೇಲೆ ಬರಬೇಕಾದ ಹಣದ ಬಗ್ಗೆ ಹೆದರಬೇಡಿ. 2024ರಲ್ಲಿ ಆಲಿಫಿಯಾ ಎಂಬುವರ ಅಪಘಾತ ಪರಿಹಾರದ ಪ್ರಕರಣದಲ್ಲಿ, ಪರಿಹಾರ ಮಂಜೂರಾಗಿದೆ ಎಂಬ ಕಾರಣಕ್ಕೆ ಆಕೆ ಇಂಡಿಜೆಂಟ್ ಅಲ್ಲ ಎಂದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಹಣ ಆಕೆಯ ಕೈಗೇ ಬಂದಿರಲಿಲ್ಲ.

"ಆಸ್ತಿ ಪಟ್ಟಿಯಲ್ಲಿ ಎಲ್ಲಾ ಬರೀಬೇಕಾ? ಕುರಿ, ಮೇಕೆ, ಹಳೇ ಬೈಕೂ?"

ಬರೆಯಿರಿ, ಎಲ್ಲವನ್ನೂ. ನಿಯಮ 2ರಂತೆ ಅರ್ಜಿಯಲ್ಲಿ ವಾದಪತ್ರದ ವಿವರಗಳ ಜೊತೆ ಚರ ಮತ್ತು ಸ್ಥಿರ ಆಸ್ತಿಯ ಪಟ್ಟಿ, ಅಂದಾಜು ಬೆಲೆ, ಸಹಿ, ದೃಢೀಕರಣ ಇರಬೇಕು. ವಿಚಾರಣೆಯನ್ನು ಮೊದಲು ಮಾಡುವುದು ಕೋರ್ಟಿನ ಮುಖ್ಯ ಆಡಳಿತ ಸಿಬ್ಬಂದಿ, ನಮ್ಮ ಕಡೆ ಶಿರಸ್ತೇದಾರರು ಎನ್ನುತ್ತೇವೆ.

ನನ್ನದೇ ಒಂದು ಅರ್ಜಿಯ ಕಥೆ. ಕಕ್ಷಿದಾರರ ಹತ್ತಿರ ಪಟ್ಟಿ ಬರೆಸಿಕೊಂಡದ್ದು ಜಾಲರಿಯ ಈಚೆಯಿಂದ, ಇಪ್ಪತ್ತು ನಿಮಿಷದಲ್ಲಿ, ಅಕ್ಕಪಕ್ಕದವರ ಕೂಗಾಟದ ನಡುವೆ. ಅವರು ಒಳಗೆ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ತಾಯಿ ಅವರ ಹೆಸರಲ್ಲಿ ಸೊಸೈಟಿಯಲ್ಲಿ ಸಣ್ಣ ಠೇವಣಿ ಇಟ್ಟಿದ್ದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎದುರು ಪಕ್ಷದಲ್ಲಿದ್ದ ತಮ್ಮನಿಗೆ ಗೊತ್ತಿತ್ತು. ಪಾಟಿ ಸವಾಲಿನಲ್ಲಿ ಪಾಸ್‌ಬುಕ್ಕಿನ ಜೆರಾಕ್ಸ್ ಎತ್ತಿ ತೋರಿಸಿದರು. ಮೊತ್ತ ಫೀಯ ಕಾಲು ಭಾಗವೂ ಇರಲಿಲ್ಲ, ಆದರೆ "ಮುಚ್ಚಿಟ್ಟ" ಎಂಬ ಮಾತು ಒಮ್ಮೆ ಬಂದ ಮೇಲೆ ಒರೆಸಲು ಆಗುವುದಿಲ್ಲ. ಆವತ್ತಿನಿಂದ ಪಟ್ಟಿಯನ್ನು ಮನೆಗೂ ಕಳಿಸಿ ತಿದ್ದಿಸಿಯೇ ಸಹಿ ಹಾಕಿಸುತ್ತೇನೆ.

"ಅರ್ಜಿ ಖುದ್ದಾಗಿ ಕೊಡ್ಬೇಕಂತೆ. ನಾನು ಗೇಟ್ ದಾಟೋದು ಹೇಗೆ?"

ನಿಯಮ 3 ಹೇಳುವುದು ನಿಜ: ಅರ್ಜಿದಾರರೇ ಕೋರ್ಟಿಗೆ ಬಂದು ಕೊಡಬೇಕು. ಆದರೆ ಅದೇ ನಿಯಮದಲ್ಲಿ ದಾರಿಗಳೂ ಇವೆ. ಕೋರ್ಟ್ ಖುದ್ದು ಹಾಜರಿಯಿಂದ ವಿನಾಯಿತಿ ಕೊಟ್ಟರೆ ಅಧಿಕೃತ ಪ್ರತಿನಿಧಿಯೊಬ್ಬರು ಕೊಡಬಹುದು. ಆದ್ದರಿಂದ ಬಂಧನದ ಪ್ರಮಾಣಪತ್ರ ಲಗತ್ತಿಸಿ ವಿನಾಯಿತಿ ಅರ್ಜಿಯನ್ನೂ ಜೊತೆಗೇ ಹಾಕಬೇಕು. ಪ್ರತಿನಿಧಿ ಸುಮ್ಮನೆ ಕಾಗದ ಹಿಡಿದು ಬಂದರೆ ಆಗದು. ಅರ್ಜಿಯ ಬಗ್ಗೆ ಏನು ಕೇಳಿದರೂ ಉತ್ತರಿಸಬಲ್ಲವರಾಗಿರಬೇಕು, ಕೋರ್ಟ್ ಅವರನ್ನೇ ವಿಚಾರಿಸುತ್ತದೆ. ನೆರೆಮನೆಯ ಹುಡುಗನಿಗಿಂತ ನಿಮ್ಮ ಹೆಂಡತಿಯೋ ತಾಯಿಯೋ ಆದರೆ ಒಳ್ಳೆಯದು. ಬೇಕೆನಿಸಿದರೆ ಕೋರ್ಟ್ ತಾನು ನೇಮಿಸಿದ ಕಮಿಷನರ್ ಮೂಲಕ ನಿಮ್ಮನ್ನು ಜೈಲಿನಲ್ಲೇ ವಿಚಾರಿಸಬಹುದು.

ಹೆಚ್ಚಿನವರು ಗಮನಿಸದ ಇನ್ನೊಂದು ಸಾಲು ಆ ನಿಯಮದ ಕೊನೆಯಲ್ಲಿದೆ. ವಾದಿಗಳು ಒಬ್ಬರಿಗಿಂತ ಹೆಚ್ಚಿದ್ದರೆ ಒಬ್ಬರು ಬಂದು ಕೊಟ್ಟರೂ ಸಾಕು. ಪಾಲಿನ ವಿಷಯದಲ್ಲಿ ತಂಗಿಗೂ ಹಕ್ಕಿದ್ದು ಅವಳಿಗೂ ಕೊಡದೆ ಇದ್ದರೆ, ಇಬ್ಬರೂ ಸೇರಿ ವಾದಿಗಳಾಗಿ. ಹಾಗೆ ಸೇರಿದರೆ ತಂಗಿಯ ಸ್ಥಿತಿಗತಿಯನ್ನೂ ಕೋರ್ಟ್ ನೋಡುತ್ತದೆ ಎಂಬುದು ನೆನಪಿರಲಿ.

ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಜೈಲಿನಲ್ಲೇ, ಸೂಪರಿಂಟೆಂಡೆಂಟರ ದೃಢೀಕರಣ ಮತ್ತು ಮೊಹರಿನೊಂದಿಗೆ. ಹಿಂದಿನ ದಿನ ತಾರೀಕು ಹಾಕಿದ ಖಾಲಿ ವಕಾಲತ್ತಿಗೆ ಸಹಿ ಕೊಡಬೇಡಿ.

"ನಮ್ಮ ಮಾವ ಖರ್ಚೆಲ್ಲಾ ನಾನು ನೋಡ್ಕೋತೀನಿ, ಗೆದ್ದರೆ ಅರ್ಧ ಜಮೀನು ನನಗೆ ಅಂತಾರೆ. ಆಗುತ್ತಾ?"

ಹಾಗೆ ಒಪ್ಪಂದ ಮಾಡಿಕೊಂಡರೆ ಆದೇಶ 33 ಮರೆತುಬಿಡಿ. ದಾವೆಯ ವಿಷಯದಲ್ಲಿ ಬೇರೆಯವರಿಗೆ ಪಾಲು ಕೊಟ್ಟಿದ್ದರೆ, ಅಥವಾ ಬೇರೆಯವರು ಖರ್ಚು ಭರಿಸಲು ಒಪ್ಪಿದ್ದರೆ, ನಿಯಮ 5ರಂತೆ ಅರ್ಜಿ ತಿರಸ್ಕೃತ. ಅರ್ಜಿ ಹಾಕುವ ಹಿಂದಿನ ಎರಡು ತಿಂಗಳಲ್ಲಿ ಬಡವನೆನಿಸಿಕೊಳ್ಳಲು ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೂ ಅದೇ ಗತಿ. ದಾವೆಗೆ ಕಾರಣವೇ ಕಾಣದಿದ್ದರೆ, ಕಾಲಮಿತಿ ಮೀರಿದ್ದರೆ, ಆಗಲೂ ಬೀಳುತ್ತದೆ.

ಬೀಳದೆ ದಾಟಿದರೆ, ಎದುರು ಪಕ್ಷಕ್ಕೂ ಸರ್ಕಾರಿ ವಕೀಲರಿಗೂ ಕನಿಷ್ಠ ಹತ್ತು ದಿನ ಮುಂಚೆ ನೋಟಿಸ್ ಹೋಗುತ್ತದೆ. ಫೀ ಸರ್ಕಾರದ್ದು, ಅದಕ್ಕೇ ಸರ್ಕಾರಿ ವಕೀಲರಿಗೆ ಅಲ್ಲಿ ಮಾತು.

"ಅರ್ಜಿ ವಜಾ ಆಯ್ತು. ಕಥೆ ಮುಗೀತಾ?"

ಇಲ್ಲ. ಅದೇ ಹಕ್ಕಿಗೆ ಇನ್ನೊಮ್ಮೆ ಇಂಡಿಜೆಂಟ್ ಅರ್ಜಿ ಹಾಕುವಂತಿಲ್ಲ, ಅಷ್ಟೇ. ಆದೇಶ 43ರ ನಿಯಮ 1ರಂತೆ ಆ ತಿರಸ್ಕಾರದ ಮೇಲೆ ಅಪೀಲು ಮಾಡಬಹುದು. ಅಪೀಲಿಗಿಂತ ಉಪಯೋಗದ್ದು ನಿಯಮ 15ಎ: ತಿರಸ್ಕರಿಸುವಾಗ ಫೀ ಕಟ್ಟಲು ಕೋರ್ಟ್ ಸಮಯ ಕೊಡಬಹುದು, ಆ ಅವಧಿಯೊಳಗೆ ಕಟ್ಟಿದರೆ ದಾವೆ ಮೊದಲ ಅರ್ಜಿ ಹಾಕಿದ ದಿನವೇ ಹೂಡಿದಂತೆ. ಹೊಸ ದಾವೆ ಹೂಡಿದರೆ ಆ ಹಳೆಯ ತಾರೀಕು ಸಿಗುವುದಿಲ್ಲ, ಜೊತೆಗೆ ಹಿಂದಿನ ಅರ್ಜಿಯನ್ನು ವಿರೋಧಿಸಲು ಸರ್ಕಾರಕ್ಕೂ ಎದುರು ಪಕ್ಷಕ್ಕೂ ಆದ ಖರ್ಚನ್ನು ತುಂಬಬೇಕು. ಹಾಗಾಗಿ ವಾದದ ದಿನವೇ "ತಿರಸ್ಕರಿಸುವುದಾದರೆ ಸಮಯ ಕೊಡಿ" ಎಂದು ವಕೀಲರು ಬಾಯಿಬಿಟ್ಟು ಕೇಳಬೇಕು.

"ಕೊನೆಗೆ ಆ ಫೀ ಯಾರು ಕಟ್ಟೋದು?"

ಅನುಮತಿ ಸಿಕ್ಕರೆ ನಿಮ್ಮ ಅರ್ಜಿಯೇ ವಾದಪತ್ರವಾಗಿ ನಂಬರ್ ಪಡೆಯುತ್ತದೆ, ದಾವೆ ನಡೆಯುವಷ್ಟು ಕಾಲ ಫೀ ಕೇಳುವುದಿಲ್ಲ, ವಕೀಲರಿಲ್ಲದಿದ್ದರೆ ನಿಯಮ 9ಎಯಂತೆ ಕೋರ್ಟೇ ನೇಮಿಸಬಹುದು. ತೀರ್ಪಿನ ದಿನ ಲೆಕ್ಕ ತೆರೆಯುತ್ತದೆ. ಗೆದ್ದರೆ, ಕಟ್ಟಬೇಕಿದ್ದ ಫೀ ಎಷ್ಟೆಂದು ಕೋರ್ಟ್ ಲೆಕ್ಕ ಹಾಕಿ ಯಾರು ಕೊಡಬೇಕೆಂದು ಡಿಕ್ರಿಯಲ್ಲಿ ಹೇಳುತ್ತದೆ. ಅದು ದಾವೆಯ ಆಸ್ತಿಯ ಮೇಲೆ ಸರ್ಕಾರದ ಮೊದಲ ಹಕ್ಕು. ಸೋತರೆ ನೀವೇ ಕಟ್ಟಬೇಕು. ವಸೂಲಿ ಭೂಕಂದಾಯದ ಬಾಕಿಯಂತೆ, ಅಂದರೆ ಕಂದಾಯ ಇಲಾಖೆಯ ಮೂಲಕ. ದಾವೆ ನಡೆಯುವಾಗ ವಾದಿ ತೀರಿಕೊಂಡು ದಾವೆ ನಿಂತುಹೋದರೆ, ಅವರು ಬಿಟ್ಟುಹೋದ ಆಸ್ತಿಯಿಂದಲೇ ವಸೂಲಿ.

ಹೊರಗೆ ಬಂದು ಬದುಕು ಕಟ್ಟಿಕೊಳ್ಳುತ್ತಿರುವವರ ಮನೆಗೆ ವರ್ಷಗಳ ಮೇಲೆ ತಹಶೀಲ್ದಾರರ ನೋಟಿಸ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಹುರುಳಿಲ್ಲದ ದಾವೆಗೆ ದೊಡ್ಡ ಮೊತ್ತ ಬರೆಯುವ ಮುಂಚೆ ಇದನ್ನು ನೆನೆಸಿಕೊಳ್ಳಿ. ಹೇಗೂ ಫ್ರೀ ಅಲ್ಲವೇ ಎಂದು ಐದು ಲಕ್ಷದ ನಷ್ಟಕ್ಕೆ ಐವತ್ತು ಲಕ್ಷ ಕೇಳಿಸುವವರಿದ್ದಾರೆ.

## ಗಂಟು ಬಿಡಿಸಬೇಕಾದ ಪ್ರಶ್ನೆಗಳು

"ಒಳಗಿದ್ದ ವರ್ಷಗಳನ್ನ ಕಾಲಮಿತಿಯಲ್ಲಿ ಕಳೀತಾರಲ್ವಾ?"

ಕಳೆಯುವುದಿಲ್ಲ. ಫೀಗಿಂತ ದೊಡ್ಡ ಹೊಡೆತ ಬೀಳುವುದು ಇಲ್ಲಿಯೇ. 1963ರ ಕಾಲಮಿತಿ ಕಾಯ್ದೆಯ 6ನೇ ಕಲಂ ಅಪ್ರಾಪ್ತರಿಗೆ, ಬುದ್ಧಿ ಸ್ಥಿಮಿತವಿಲ್ಲದವರಿಗೆ ರಿಯಾಯಿತಿ ಕೊಡುತ್ತದೆ. ಕೈದಿಯ ಹೆಸರು ಅಲ್ಲಿಲ್ಲ. ವಿಳಂಬ ಮನ್ನಿಸುವ 5ನೇ ಕಲಂ ದಾವೆಗೆ ಅನ್ವಯಿಸುವುದಿಲ್ಲ. ಕೈಸಾಲಕ್ಕೆ 3 ವರ್ಷ, ಸ್ಥಿರಾಸ್ತಿಯ ಸ್ವಾಧೀನಕ್ಕೆ 12 ವರ್ಷ. ಸುಳ್ಳು ಕೇಸಿಗೆ ಪರಿಹಾರ ಕೇಳುವುದಾದರೆ ಬಿಡುಗಡೆಯ ತೀರ್ಪು ಬಂದ ದಿನದಿಂದ ಒಂದೇ ವರ್ಷ. ಅಕ್ರಮ ಬಂಧನಕ್ಕೆ, ಆ ಬಂಧನ ಮುಗಿದ ದಿನದಿಂದ ಒಂದು ವರ್ಷ.

ಲೀಗಲ್ ಏಯ್ಡಿಗೆ ಅರ್ಜಿ ಕೊಟ್ಟರೆ ಗಡಿಯಾರ ನಿಲ್ಲುವುದಿಲ್ಲ. ಆದೇಶ 33ರ ಅರ್ಜಿ ಕೋರ್ಟಿಗೆ ಸೇರಿದರೆ ನಿಲ್ಲುತ್ತದೆ: ಕಾಯ್ದೆಯ 3ನೇ ಕಲಮಿನಂತೆ ಆ ಅರ್ಜಿ ಹಾಕಿದ ದಿನವೇ ದಾವೆ ಹೂಡಿದ ದಿನ. ಗಡುವು ಹತ್ತಿರವಿದ್ದರೆ ವಕೀಲರಿಗೆ ಹೇಳಬೇಕಾದ ಮೊದಲ ಮಾತು ತಾರೀಕು, ಕಥೆ ಆಮೇಲೆ.

"ಜೈಲಲ್ಲೇ ಹೊಡೆದ್ರು. ಸರ್ಕಾರದ ಮೇಲೆ ಕೇಸ್ ಹಾಕಿದ್ರೆ ಫೀ ಎಷ್ಟು?"

ಪರಿಹಾರದ ದಾವೆಯಾದರೆ ಮೇಲೆ ಹೇಳಿದ ಮೆಟ್ಟಿಲು ಫೀಯೇ. ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸರ್ಕಾರಕ್ಕೆ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಆ ಎರಡು ತಿಂಗಳನ್ನು ಕಾಲಮಿತಿಯಲ್ಲಿ ಬಿಟ್ಟುಕೊಡುತ್ತಾರೆ. ತುರ್ತು ಪರಿಹಾರ ಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು.

ಆದರೆ ಮೂಲಭೂತ ಹಕ್ಕಿನ ಭಂಗಕ್ಕೆ ಹೈಕೋರ್ಟಿನ ರಿಟ್ ಅಧಿಕಾರದಲ್ಲೂ, ಅಂದರೆ ಸರ್ಕಾರಕ್ಕೆ ನೇರವಾಗಿ ಆದೇಶ ಕೊಡುವ ಅಧಿಕಾರದಲ್ಲೂ, ಪರಿಹಾರ ಸಿಗುತ್ತದೆ, ಅಲ್ಲಿ ಮೊತ್ತದ ಮೇಲೆ ಫೀ ಏರುವುದಿಲ್ಲ. ಖುಲಾಸೆಯಾದ ಮೇಲೂ ಬಿಹಾರದ ಜೈಲಿನಲ್ಲಿ 14 ವರ್ಷ ಕೊಳೆತ ರುದುಲ್ ಸಾಹ್‌ಗೆ 1983ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿದ್ದು ರಿಟ್ ಅರ್ಜಿಯಲ್ಲೇ. ಒಡಿಶಾದ ನೀಲಾಬತಿ ಬೆಹೆರಾ ಪೊಲೀಸ್ ವಶದಲ್ಲಿ ಸತ್ತ ಮಗನ ಬಗ್ಗೆ ಬರೆದ ಪತ್ರವನ್ನೇ ರಿಟ್ ಎಂದು ಪರಿಗಣಿಸಿ 1993ರಲ್ಲಿ ಒಂದೂವರೆ ಲಕ್ಷ ಕೊಡಿಸಿತು. ಸಂಗತಿಗಳಲ್ಲಿ ದೊಡ್ಡ ತಕರಾರಿದ್ದರೆ ಮಾತ್ರ ರಿಟ್ ಕೋರ್ಟ್ ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತದೆ. ಗಾಯದ ದಾಖಲೆ ಅವತ್ತೇ ಜೈಲು ವೈದ್ಯರ ಪುಸ್ತಕದಲ್ಲಿ ಬಂದಿದೆಯೇ ಎಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಫೀ ಇಲ್ಲ, ಆದರೆ ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು.

"ಸಾಕ್ಷಿ ಹೇಳೋ ದಿನ ನನ್ನನ್ನ ಕರ್ಕೊಂಡು ಹೋಗ್ತಾರಾ? ಎಸ್ಕಾರ್ಟ್ ದುಡ್ಡು ಯಾರದ್ದು ಅಂತ ಮನೆಯವರು ಕೇಳ್ತಿದಾರೆ"

ಸಿವಿಲ್ ಸಂಹಿತೆಯ ಆದೇಶ 16ಎ ಇದಕ್ಕೆಂದೇ ಇರುವುದು. ಕೈದಿಯ ಸಾಕ್ಷ್ಯ ಬೇಕೆನಿಸಿದರೆ ಕೋರ್ಟ್ ಜೈಲಿನ ಅಧಿಕಾರಿಗೆ ಹಾಜರುಪಡಿಸಲು ಆದೇಶಿಸಬಹುದು. ಜೈಲಿನಿಂದ ಕೋರ್ಟ್ 25 ಕಿಲೋಮೀಟರಿಗಿಂತ ದೂರವಿದ್ದರೆ ಮಾತ್ರ, ಕಮಿಷನರ್ ಮೂಲಕ ವಿಚಾರಿಸಿದರೆ ಸಾಲದು ಎಂದು ಖಚಿತವಾದ ಮೇಲೆಯೇ ಕರೆಸಬೇಕು. ಹಿಂಡಲಗಾದಲ್ಲಿದ್ದವರನ್ನು ರಾಯಚೂರಿನ ಪಾಲಿನ ದಾವೆಗೆ ಎಳೆದುಕೊಂಡು ಹೋಗುವುದು ಅಪರೂಪ. ಕರ್ನಾಟಕ ಹೈಕೋರ್ಟಿನ 2020ರ ವಿಡಿಯೊ ಕಾನ್ಫರೆನ್ಸ್ ನಿಯಮಗಳ ನಂತರ ಜೈಲಿನಿಂದಲೇ ಸಾಕ್ಷ್ಯ ಹೇಳುವ ದಾರಿಯೂ ಇದೆ. ಕೇಳುವುದಾದರೆ ಅದನ್ನೇ ಕೇಳಿ, ಎಸ್ಕಾರ್ಟಿನ ಮಾತೇ ಬರುವುದಿಲ್ಲ.

"ಅಪ್ಪನ್ನ ಕೊಂದ ಕೇಸಲ್ಲಿ ಒಳಗಿರೋನು ಫ್ರೀಯಾಗಿ ಪಾಲಿನ ಕೇಸ್ ಹಾಕಿದಾನೆ. ಇದೆಂಥಾ ನ್ಯಾಯ?"

ಸಿಟ್ಟು ಅರ್ಥವಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮಿನಂತೆ ಕೊಂದವರಿಗೆ ಕೊಲೆಯಾದವರ ಆಸ್ತಿ ಉತ್ತರಾಧಿಕಾರದಲ್ಲಿ ಬರುವುದಿಲ್ಲ. ನೋಟಿಸ್ ಬಂದಾಗ "ಈ ದಾವೆಗೆ ಕಾರಣವೇ ಇಲ್ಲ" ಎಂದು ಇಂಡಿಜೆಂಟ್ ಅರ್ಜಿಯ ಹಂತದಲ್ಲೇ ನೀವು ಆಕ್ಷೇಪ ಎತ್ತಬಹುದು, ನಿಯಮ 5 ಅದಕ್ಕೆ ಜಾಗ ಕೊಟ್ಟಿದೆ. ಆರೋಪ ಇನ್ನೂ ವಿಚಾರಣೆಯಲ್ಲಿದ್ದರೆ ಮಾತ್ರ ಸಿವಿಲ್ ಕೋರ್ಟ್ ಈಗಲೇ ಆತನನ್ನು ಕೊಲೆಗಾರ ಎಂದುಕೊಳ್ಳುವುದಿಲ್ಲ.

"ನನ್ನ ಅಕ್ಕನ ಮಗ ಅಮೆರಿಕದ ಜೈಲಲ್ಲಿದ್ದಾನೆ. ಅಲ್ಲಿ ಕೈದಿಗಳ ಖಾತೆಯಿಂದಲೇ ಫೀ ಕಡೀತಾರಂತೆ, ಹೌದಾ?"

ಹೌದು. ಅಲ್ಲಿ ಫೆಡರಲ್ ಕೋರ್ಟಿಗೆ ಹೋಗುವ ಹೊರಗಿನ ಬಡವರಿಗೆ ಫೀ ಪೂರ್ತಿ ಬಿಡಬಹುದು, ಕೈದಿಗೆ ಕಂತು ಮಾತ್ರ. 1996ರ ಏಪ್ರಿಲ್‌ನಲ್ಲಿ ಬಂದ ಪ್ರಿಸನ್ ಲಿಟಿಗೇಶನ್ ರಿಫಾರ್ಮ್ ಆಕ್ಟ್ ಈ ವ್ಯತ್ಯಾಸ ಮಾಡಿತು. 350 ಡಾಲರ್ ಫೀ. ಹಿಂದಿನ ಆರು ತಿಂಗಳ ಖಾತೆ ವಿವರ ಕೊಡಬೇಕು. ತಿಂಗಳ ಸರಾಸರಿ ಜಮೆ ಅಥವಾ ಖಾತೆಯಲ್ಲಿ ಸರಾಸರಿ ಉಳಿದಿರುವ ಹಣ, ಯಾವುದು ಹೆಚ್ಚೋ ಅದರ ಶೇಕಡಾ 20 ಮೊದಲ ಕಂತು. ತಿಂಗಳಿಗೆ 60 ಡಾಲರ್ ಜಮೆಯಾಗುವವರಿಗೆ 12 ಡಾಲರ್. ಆಮೇಲೆ ಖಾತೆಯಲ್ಲಿ 10 ಡಾಲರಿಗಿಂತ ಹೆಚ್ಚಿದ್ದಾಗಲೆಲ್ಲ ಹಿಂದಿನ ತಿಂಗಳ ಆದಾಯದ ಶೇಕಡಾ 20 ಕಡಿತ, 350 ಮುಗಿಯುವವರೆಗೆ. ಎರಡು ಕೇಸಿದ್ದರೆ ಎರಡಕ್ಕೂ ಒಟ್ಟಿಗೆ, ಅಂದರೆ ಶೇಕಡಾ 40, ಎಂದು 2016ರಲ್ಲಿ ಬ್ರೂಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಖಾತೆಯಲ್ಲಿ ಬಿಡಿಗಾಸೂ ಇಲ್ಲವೆಂದು ದಾವೆ ತಡೆಯುವಂತಿಲ್ಲ. ಆದರೆ ಹುರುಳಿಲ್ಲವೆಂದು ಮೂರು ದಾವೆ ವಜಾ ಆದರೆ, ಮೈಮೇಲೆ ಗಂಭೀರ ಅಪಾಯವಿದ್ದಾಗ ಬಿಟ್ಟರೆ, ಕಂತಿನ ಸೌಲಭ್ಯವೂ ಹೋಯಿತು.

ನಮ್ಮಲ್ಲಿ ಬಂಧನದಲ್ಲಿರುವುದೇ ನೆರವಿಗೆ ಅರ್ಹತೆ, ಅಲ್ಲಿ ಅದೇ ಕಡಿತಕ್ಕೆ ಕಾರಣ. ಅಕ್ಕನ ಮಗನಿಗೆ ಇನ್ನೊಂದು ಮಾತು ತಿಳಿಸಿ: ಜೈಲಿನೊಳಗಿನ ದೂರು ವ್ಯವಸ್ಥೆಯನ್ನು ಕೊನೆಯವರೆಗೆ ಮುಗಿಸದೆ ಜೈಲಿನ ಸ್ಥಿತಿಗತಿಯ ಬಗ್ಗೆ ದಾವೆ ಹೂಡಿದರೆ ನಿಲ್ಲುವುದಿಲ್ಲ.

"ಮುಂದಿನ ತಿಂಗಳು ಬಿಡುಗಡೆ. ಹೊರಗೆ ಬಂದ ಕೂಡ್ಲೇ ಈ ಸೌಲಭ್ಯ ಎಲ್ಲಾ ನಿಲ್ಲುತ್ತಾ?"

ಆದೇಶ 33ರ ಅನುಮತಿ ಬಂಧನಕ್ಕೆ ಕೊಟ್ಟದ್ದಲ್ಲ, ಬಡತನಕ್ಕೆ ಕೊಟ್ಟದ್ದು. ಗೇಟು ದಾಟಿದ ಮಾತ್ರಕ್ಕೆ ಹೋಗುವುದಿಲ್ಲ. ಕೆಲಸ ಸಿಕ್ಕಿ, ಕೈಯಲ್ಲಿ ದುಡ್ಡಾಡಿ, ಫೀ ಕಟ್ಟುವ ಶಕ್ತಿ ಬಂದರೆ ಎದುರು ಪಕ್ಷವೋ ಸರ್ಕಾರಿ ವಕೀಲರೋ ನಿಯಮ 9ರಂತೆ ರದ್ದತಿ ಕೇಳಬಹುದು. ದಾವೆಯಲ್ಲಿ ಕಿರುಕುಳದ ನಡತೆ ತೋರಿದರೂ ರದ್ದಾಗುತ್ತದೆ. ಮುಂಚೆ ನಿಮಗೆ ಲಿಖಿತ ನೋಟಿಸ್ ಬರಬೇಕು.

ಕಾನೂನು ಸೇವೆಯಲ್ಲಿ ಹೊಸದಾಗಿ ನೆರವು ಕೇಳುವಾಗ 12(ಜಿ) ಇನ್ನು ನಿಮ್ಮದಲ್ಲ. ಮಹಿಳೆಯಾದರೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ, ವರಮಾನ ಮಿತಿಯೊಳಗಿದ್ದರೆ ಬೇರೆ ಖಂಡದಲ್ಲಿ ಅರ್ಹತೆ ಉಳಿಯುತ್ತದೆ. ಬಿಡುಗಡೆಯ ಮುಂಚೆಯೇ ಕ್ಲಿನಿಕ್ಕಿನಲ್ಲಿ ಇದನ್ನು ಬರೆಸಿ ಪ್ರಾಧಿಕಾರಕ್ಕೆ ಕಳಿಸಿ.

ಇನ್ನೊಂದು ಕೆಲಸ ಉಳಿಯುತ್ತದೆ. ಕೋರ್ಟಿನ ಕಡತದಲ್ಲಿ ನಿಮ್ಮ ವಿಳಾಸ ಇನ್ನೂ ಜೈಲಿನದ್ದೇ ಇರುತ್ತದೆ. ಬಿಡುಗಡೆಯಾದ ವಾರದೊಳಗೆ ವಕೀಲರ ಮೂಲಕ ಮನೆಯ ವಿಳಾಸ ಹಾಕಿಸಿ. ಇಲ್ಲದಿದ್ದರೆ ನೋಟಿಸ್ ಜೈಲಿನ ಗೇಟಿಗೆ ಹೋಗಿ "ಬಿಡುಗಡೆಯಾಗಿದ್ದಾರೆ" ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ, ನೀವು ಊರಲ್ಲಿ ಕಾಯುತ್ತಿರುವಾಗಲೇ ದಾವೆ ಗೈರುಹಾಜರಿಗೆ ವಜಾ ಆಗಿರುತ್ತದೆ.